ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಮಾತ್ರೆಗಳು

ಜೂನ್ ತಿಂಗಳಲ್ಲಿ ಅಸ್ಕರ್‌ನ ದಿನ ಮುಂಜಾನೆ ನಾಲ್ಕೂವರೆಗೇ ಆರಂಭವಾಗುತ್ತದೆ. ಕಾರ್ಮಿಕರನ್ನು ಹೊತ್ತ ಬಸ್ಸುಗಳು ಒಂದರ ಹಿಂದೊಂದು ಬಂದು ಯಾರ್ಡಿನ ಗೇಟಿನ ಮುಂದೆ ನಿಲ್ಲುವ ಹೊತ್ತಿಗೆ ಸಮುದ್ರದ ಕಡೆಯಿಂದ ಬೀಸುವ ಗಾಳಿ ಆಗಲೇ ಬೆಚ್ಚಗಾಗಿರುತ್ತದೆ. ಸುರಕ್ಷತಾ ಅಧಿಕಾರಿಯಾದ ನನ್ನ ಮೊದಲ ಕೆಲಸ ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ. ಕ್ರೇನ್ ನಡೆಸುವವರು, ಎತ್ತರದಲ್ಲಿ ಕೆಲಸ ಮಾಡುವವರು ಅಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ರಕ್ತದೊತ್ತಡದ ಅಂಕಿ ಬರೆಸಿ ಹೋಗಬೇಕು. ಬೇಸಿಗೆಯ ತಿಂಗಳುಗಳಿಗಾಗಿ ನಮ್ಮ ಸಂಸ್ಥೆ ಮಾಡಿಕೊಂಡಿರುವ ಕ್ರಮವಿದು.

ಕಳೆದ ಜೂನ್‌ನ ಒಂದು ಬೆಳಗ್ಗೆ ಆ ಕುರ್ಚಿಯಲ್ಲಿ ಬಂದು ಕುಳಿತವರು ಬೈಂದೂರು ಕಡೆಯ ಒಬ್ಬ ಕ್ರೇನ್ ಚಾಲಕರು. ವಯಸ್ಸು ನಲವತ್ತೊಂಬತ್ತು. ಅವರ ಹೆಸರು ಇಲ್ಲಿ ಬೇಡ. ಯಾರ್ಡಿನಲ್ಲಿ ಎಲ್ಲರೂ ಕರೆಯುವಂತೆ ಕ್ರೇನಣ್ಣ ಎನ್ನುತ್ತೇನೆ. ಯಂತ್ರ ತೋರಿಸಿದ್ದು 192/114. ಹತ್ತು ನಿಮಿಷ ಕಳೆದು ಇನ್ನೊಂದು ತೋಳಿನಲ್ಲಿ ನೋಡಿದರೆ 188/112. ಅವರಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಎದೆಯಲ್ಲಿ ಏನೂ ಇಲ್ಲ. ಚಹಾ ಕುಡಿದು, ಬಸ್ಸಿನಲ್ಲಿ ಒಂದು ನಿದ್ದೆ ತೆಗೆದು ಬಂದಿದ್ದರು. ಬಿಪಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. "ತಿಂತೆ ಮರಾಯ್ರೆ, ದಿನಾ ತಿಂತೆ" ಎಂದರು. ನಾನು ಸಹಿ ಹಾಕಲಿಲ್ಲ. ಅಂದು ಅವರು ಕ್ರೇನ್ ಹತ್ತಲಿಲ್ಲ. ನನ್ನೊಡನೆ ಮಾತನ್ನೂ ಆಡಲಿಲ್ಲ. ಕ್ರೇನ್ ಹತ್ತದ ದಿನ ಓವರ್‌ಟೈಮ್ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಬಹರೈನ್‌ಗೆ ಬಾರದವರಿಗಾಗಿ ಅಸ್ಕರ್ ಬಗ್ಗೆ ಎರಡು ಮಾತು. ಮನಾಮದಿಂದ ದಕ್ಷಿಣಕ್ಕೆ, ದ್ವೀಪದ ಪೂರ್ವ ಕರಾವಳಿಯಲ್ಲಿರುವ ಊರಿದು. ಮೀನುಗಾರರ ಹಳ್ಳಿಯಾಗಿದ್ದ ಇದರ ನೆರೆಯಲ್ಲೇ ಅಲ್ಬಾ ಎಂದು ಜಗತ್ತು ಕರೆಯುವ ಬಹರೈನ್ ಅಲ್ಯೂಮಿನಿಯಂ ಕಾರ್ಖಾನೆಯಿದೆ. 1971ರಲ್ಲಿ ಉತ್ಪಾದನೆ ಆರಂಭಿಸಿದ ಅದು, ತನ್ನ ಆರನೆಯ ಸಾಲು 2019ರಲ್ಲಿ ಸೇರಿಕೊಂಡ ಮೇಲೆ, ಚೀನಾವನ್ನು ಬಿಟ್ಟರೆ ಒಂದೇ ಜಾಗದಲ್ಲಿರುವ ಅಲ್ಯೂಮಿನಿಯಂ ಕರಗುಮನೆಗಳಲ್ಲೆಲ್ಲ ದೊಡ್ಡದೆನಿಸಿಕೊಂಡಿತು. ನಾನು ಆ ಕಾರ್ಖಾನೆಯವನಲ್ಲ. ಸುತ್ತಮುತ್ತಲಿನ ಹತ್ತಾರು ಗುತ್ತಿಗೆ ಸಂಸ್ಥೆಗಳಲ್ಲಿ ಒಂದರವನು. ಯಾರ್ಡುಗಳು, ಗೋದಾಮುಗಳು, ಟ್ರಕ್ಕುಗಳ ಸಾಲು, ಕಾರ್ಮಿಕರ ವಸತಿ, ನಡುವೆ ಅಲ್ಲಲ್ಲಿ ಒಂದು ಮಸೀದಿ, ಒಂದು ಮಲಬಾರಿ ಚಹಾದಂಗಡಿ. ಹದಿನೇಳು ವರ್ಷಗಳಿಂದ ನನ್ನ ಜಗತ್ತು ಇಷ್ಟೇ. ಈ ಪರಿಸರದಲ್ಲಿ ಕನ್ನಡ ಕಿವಿಗೆ ಬಿದ್ದರೆ ಅದು ಬಹುಮಟ್ಟಿಗೆ ಕುಂದಾಪುರ, ಉಡುಪಿ, ಮಂಗಳೂರು, ಭಟ್ಕಳದ ಕನ್ನಡ.

ಅಂದು ಸಂಜೆ ಕ್ರೇನಣ್ಣನ ಕೋಣೆಗೆ ಹೋದೆ. ಎಂಟು ಜನರ ಕೋಣೆ, ಮೇಲೊಂದು ಕೆಳಗೊಂದು ಮಂಚ. ಕೋಪ ಇನ್ನೂ ಇಳಿದಿರಲಿಲ್ಲವಾದರೂ ಊರಿನವನೆಂದು ಚಹಾ ಮಾಡಿಸಿದರು. ಮಾತ್ರೆಗಳನ್ನು ತೋರಿಸಿ ಎಂದಾಗ ದಿಂಬಿನ ಪಕ್ಕದಿಂದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದರು. ಅದರ ತುಂಬ ಮಾತ್ರೆಗಳ ಪಟ್ಟಿಗಳು. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು, ಮೂಲೆ ಹರಿಯದ ಹೊಸ ಪಟ್ಟಿಗಳು, ಅವಧಿ ಮುಗಿದವು, ಅರ್ಧ ಕತ್ತರಿಸಿ ಹೆಸರೇ ಹೋದವು. ಮಂಚದ ಮೇಲೆ ಹರಡಿ ಎಣಿಸಿದೆವು. ರಜೆಯಲ್ಲಿ ಊರಿನ ವೈದ್ಯರು ಬರೆದವು, ಇಲ್ಲಿನ ಗುತ್ತಿಗೆ ಕ್ಲಿನಿಕ್ಕಿನಲ್ಲಿ ಕೊಟ್ಟವು, ಒಂದು ಶುಕ್ರವಾರದ ಉಚಿತ ಶಿಬಿರದಲ್ಲಿ ಸಿಕ್ಕವು. ಎಲ್ಲವನ್ನೂ ಬರೆದಂತೆಯೇ ನುಂಗಿದ್ದರೆ ದಿನಕ್ಕೆ ಹನ್ನೊಂದು ಮಾತ್ರೆಗಳಾಗುತ್ತಿದ್ದವು. ರಕ್ತದೊತ್ತಡಕ್ಕೆ ನಾಲ್ಕು, ಸಕ್ಕರೆಗೆ ಎರಡು ಹೊತ್ತು, ಕೊಬ್ಬಿಗೆ ಒಂದು, ರಕ್ತ ತೆಳುವಾಗಿಸಲು ಒಂದು, ಹೊಟ್ಟೆಯುರಿಗೆ ಎರಡು, ಶಕ್ತಿಗೆಂದು ಒಂದು.

ದಿನಕ್ಕೆ ಹನ್ನೊಂದು ಎಂದರೆ ತಿಂಗಳಿಗೆ 330. ಎರಡು ವರ್ಷದ ಕರಾರಿಗೆ ಎಂಟು ಸಾವಿರ. ರಜೆ ಮುಗಿಸಿ ಬರುವಾಗ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿಯ ನಡುವೆ ಆರು ತಿಂಗಳ ಮಾತ್ರೆಗಳನ್ನು ಹೊಂದಿಸಿ, ವಿಮಾನ ನಿಲ್ದಾಣದಲ್ಲಿ ಯಾರು ಏನು ಕೇಳಿಯಾರೋ ಎಂದು ವೈದ್ಯರ ಚೀಟಿಯನ್ನು ಮೇಲಿನ ಜೇಬಿನಲ್ಲೇ ಇಟ್ಟುಕೊಂಡು ಬರುವ ಅನುಭವ ಗಲ್ಫಿನಲ್ಲಿರುವ ನಡುವಯಸ್ಸಿನ ಕನ್ನಡಿಗರಿಗೆ ಹೊಸದಲ್ಲ.

"ಇಷ್ಟರಲ್ಲಿ ಯಾವುದನ್ನು ತಿನ್ನುತ್ತೀರಿ?" ಎಂದು ಕೇಳಿದೆ. ಕ್ರೇನಣ್ಣ ಹೊಟ್ಟೆಯುರಿಯ ಮಾತ್ರೆಯನ್ನೂ ಶಕ್ತಿಯ ಮಾತ್ರೆಯನ್ನೂ ತೋರಿಸಿದರು. ಸಕ್ಕರೆಯದ್ದು ಆಗಾಗ. ಬಿಪಿಯದ್ದು ಯಾವುದೋ ಒಂದು, ಕೈಗೆ ಸಿಕ್ಕಿದ್ದು. ಕಾರಣ ಕೇಳಿದರೆ ಅವರಲ್ಲೊಂದು ಸ್ಪಷ್ಟವಾದ ಲೆಕ್ಕವಿತ್ತು. ಹೊಟ್ಟೆಯುರಿಯ ಮಾತ್ರೆ ತಿಂದರೆ ಉರಿ ನಿಲ್ಲುವುದು ಗೊತ್ತಾಗುತ್ತದೆ. ಬಿಪಿಯ ಮಾತ್ರೆ ತಿಂದರೂ ಒಂದೇ, ಬಿಟ್ಟರೂ ಒಂದೇ. "ಹನ್ನೊಂದ್ ಮಾತ್ರೆ ತಿಂದ್ರೆ ಅನ್ನಕ್ಕೆ ಜಾಗ ಎಲ್ಲಿತ್ತ್?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಲವಾರು ವರ್ಷಗಳ ಹಿಂದೆ ನಾನು ಮಾಡಿದ್ದೂ ಇದೇ ಲೆಕ್ಕ.

ಆ ಕತೆಯನ್ನು ಹೇಳಲೇಬೇಕು. ನನಗೆ ರಕ್ತದೊತ್ತಡವಿದೆಯೆಂದು ತಿಳಿದಾಗ ವಯಸ್ಸು ನಲವತ್ತೊಂದು. ಒಂದು ಮಾತ್ರೆಯಿಂದ ಶುರುವಾಯಿತು. ಮೊದಲ ಕೆಲವು ತಿಂಗಳು ಶ್ರದ್ಧೆಯಿಂದ ತಿಂದೆ, ಆಮೇಲೆ ವಾರಕ್ಕೆ ನಾಲ್ಕು ದಿನ, ಆಮೇಲೆ ಪರೀಕ್ಷೆಗೆ ಹೋಗುವ ಹಿಂದಿನ ಎರಡು ದಿನ. ವೈದ್ಯರು ಪ್ರತಿ ಸಲವೂ ಕೇಳುತ್ತಿದ್ದರು: "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಷ್ಟೆ?" ನಾನು ಪ್ರತಿ ಸಲವೂ ಹೌದೆನ್ನುತ್ತಿದ್ದೆ. ಒತ್ತಡ ಇಳಿಯಲಿಲ್ಲ. ನನ್ನ ಮಾತನ್ನು ನಂಬಿದ ವೈದ್ಯರು ಪ್ರಮಾಣ ಏರಿಸಿದರು. ಇನ್ನೊಂದು ಮಾತ್ರೆ ಸೇರಿಸಿದರು. ಮತ್ತೂ ಒಂದನ್ನು ಸೇರಿಸಿದರು. ಹೊರೆ ಹೆಚ್ಚಿದಂತೆ ನಾನು ತಿನ್ನುವುದು ಇನ್ನೂ ಕಡಿಮೆಯಾಯಿತು, ಅವರು ಬರೆಯುವುದು ಇನ್ನೂ ಹೆಚ್ಚಾಯಿತು. ಮೂರನೆಯ ವರ್ಷಕ್ಕೆ ನನ್ನ ಚೀಟಿಯಲ್ಲಿ ಐದು ಮಾತ್ರೆಗಳಿದ್ದವು.

ಆ ವರ್ಷ ರಜೆಗೆಂದು ಕುಂದಾಪುರದ ಮನೆಗೆ ಹೋದೆ. ಪೆಟ್ಟಿಗೆ ಬಿಚ್ಚುವಾಗ ಮಾತ್ರೆಗಳ ಚೀಲ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಚೀಟಿ ಓದಿದಳು, ಪಟ್ಟಿಗಳನ್ನು ಜೋಡಿಸಿದಳು, ಮರುದಿನದಿಂದ ಬೆಳಗಿನ ಗಂಜಿಯ ಬಟ್ಟಲ ಪಕ್ಕದಲ್ಲಿ ಒಂದು ಸಣ್ಣ ತಟ್ಟೆಯಲ್ಲಿ ಮಾತ್ರೆಗಳನ್ನಿಟ್ಟು, ನುಂಗುವವರೆಗೆ ಎದುರಿಗೇ ನಿಂತಳು. ಐದನೆಯ ದಿನ ಬೆಳಗ್ಗೆ ಅಂಗಳದ ತುಳಸಿಕಟ್ಟೆಯ ಹತ್ತಿರ ನನ್ನ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಹಣೆಯಿಂದ ರಕ್ತ ಹರಿಯುತ್ತಿತ್ತು, ಅಮ್ಮ ಕೂಗುತ್ತಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಮೇಲಿನ ಅಂಕಿ 84. ಕರ್ತವ್ಯದಲ್ಲಿದ್ದ ಯುವ ವೈದ್ಯೆ ಚೀಟಿ ನೋಡಿ, ನನ್ನ ಮುಖ ನೋಡಿ, ದನಿಯೇರಿಸದೆ ಕೇಳಿದರು: "ಅಲ್ಲಿ ನಿಜವಾಗಿ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ?" ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಮೂರು ವರ್ಷ ಹೇಳಿದ ಸುಳ್ಳನ್ನು ಅವಳ ಎದುರಿಗೆ ಬಿಚ್ಚಬೇಕಾಯಿತು. ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟೆ: "ನೀವು ಡಾಕ್ಟರಿಗೆ ಹೇಳಿದ ಸುಳ್ಳನ್ನು ನಾನು ನಿಮಗೆ ತಿನ್ನಿಸಿದೆ."

ಮೊದಲ ದಿನವೇ ವೈದ್ಯರಿಗೆ ನಿಜ ಹೇಳಿದ್ದರೆ ಒಂದೇ ಮಾತ್ರೆಯಲ್ಲಿ ಮುಗಿಯುತ್ತಿದ್ದ ಪ್ರಸಂಗ ಅದು. ಆಮೇಲೆ ಈ ವಿಷಯದ ಮೇಲೆ ಓದುತ್ತ ಹೋದಾಗ, ನಾನೊಬ್ಬನೇ ಸುಳ್ಳುಗಾರನಲ್ಲವೆಂದು ಗೊತ್ತಾಯಿತು. ದೀರ್ಘಕಾಲದ ಕಾಯಿಲೆಗಳಿಗೆ ಔಷಧಿಯನ್ನು ಬರೆದಂತೆ ತೆಗೆದುಕೊಳ್ಳುವವರು, ಶ್ರೀಮಂತ ದೇಶಗಳಲ್ಲೂ, ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಅದೇ ಸಂಸ್ಥೆಯ 2023ರ ವರದಿಯಂತೆ, ಜಗತ್ತಿನಲ್ಲಿ ರಕ್ತದೊತ್ತಡವಿರುವ ಪ್ರತಿ ಐವರಲ್ಲಿ ಒಬ್ಬರಿಗೆ ಮಾತ್ರ ಅದು ಹತೋಟಿಯಲ್ಲಿದೆ. ಸುಮಾರು ಅರ್ಧದಷ್ಟು ಜನರಿಗೆ ತಮಗೆ ಒತ್ತಡವಿದೆ ಎಂಬುದೇ ಗೊತ್ತಿಲ್ಲ.

ಮಾತ್ರೆ ತಿನ್ನದವರೆಂದರೆ ಮರೆಗುಳಿಗಳು, ಉದಾಸೀನರು ಎಂಬ ಭಾವನೆ ನಮ್ಮಲ್ಲಿದೆ. ಮನೆಯವರು ಬೈಯುವುದೂ ಹಾಗೆಯೇ. ಆದರೆ ಸಂಖ್ಯೆಯೇ ಒಂದು ಕಾರಣ ಎನ್ನಲು ಗಟ್ಟಿ ಪುರಾವೆಗಳಿವೆ. ವೈದ್ಯರು ಇದನ್ನು ಮಾತ್ರೆಗಳ ಹೊರೆ ಎನ್ನುತ್ತಾರೆ. ರೋಗಿಯ ಬಾಯಿಮಾತನ್ನು ನಂಬದೆ ಮೂತ್ರವನ್ನೇ ಪರೀಕ್ಷಿಸಿ, ಬರೆದ ಔಷಧಿ ದೇಹದೊಳಗೆ ಹೋಗಿದೆಯೇ ಎಂದು ನೋಡುವ ವಿಧಾನ ಈಗ ಇದೆ. ಬ್ರಿಟನ್ ಮತ್ತು ಜೆಕ್ ಗಣರಾಜ್ಯದ 1,348 ರೋಗಿಗಳನ್ನು ಹೀಗೆ ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೆದ ರಕ್ತದೊತ್ತಡದ ಔಷಧಿಗಳ ಸಂಖ್ಯೆ ಒಂದೊಂದು ಏರಿದಂತೆಯೂ ತಪ್ಪಿಸುವ ಪ್ರಮಾಣ ತೀವ್ರವಾಗಿ ಏರುತ್ತ ಹೋಗಿತ್ತು. ಅತಿ ಹೆಚ್ಚು ತಪ್ಪಿಸಲಾದದ್ದು ಮೂತ್ರ ಹೆಚ್ಚಿಸುವ ಮಾತ್ರೆ, ನಮ್ಮವರ ಬಾಯಲ್ಲಿ ನೀರಿನ ಮಾತ್ರೆ.

ಇದನ್ನು ಓದಿದಾಗ ನನಗೆ ಕ್ರೇನಿನ ಕ್ಯಾಬಿನ್ ಕಣ್ಣಿಗೆ ಕಟ್ಟಿತು. ಕೆಳಗಿಳಿದು, ಯಾರ್ಡಿನ ತುದಿಯ ಶೌಚಾಲಯಕ್ಕೆ ಹೋಗಿ ಮರಳಬೇಕಾದರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಕೊಕ್ಕೆಗೆ ತೂಗು ಹಾಕಲು ಕಾದ ಹತ್ತು ಜನ ಬಿಸಿಲಿನಲ್ಲಿ ನಿಂತಿರಬೇಕು. ಬೆಳಗ್ಗೆ ನೀರಿನ ಮಾತ್ರೆ ತಿಂದು ಕ್ರೇನ್ ಹತ್ತುವವರು ಯಾರು? ಬಸ್ ಚಾಲಕರ ಪಾಡೂ ಇದೇ. ಇನ್ನು ಕೆಲವರು ಮಾತ್ರೆ ತಿಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಹರೈನ್‌ನ ಬೇಸಿಗೆಯಲ್ಲಿ ಅದು ಇನ್ನೂ ಅಪಾಯ. ಬಯಲಿನಲ್ಲಿ ನಡುಹಗಲು ಹನ್ನೆರಡರಿಂದ ನಾಲ್ಕರವರೆಗೆ ಕೆಲಸ ಮಾಡಿಸಬಾರದೆಂಬ ಸರಕಾರಿ ನಿಯಮ ಮೊದಲು ಜುಲೈ, ಆಗಸ್ಟ್‌ಗೆ ಸೀಮಿತವಾಗಿತ್ತು. 2025ರಿಂದ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮೂರು ತಿಂಗಳಿಗೆ ವಿಸ್ತರಿಸಿದೆ. ಭಾರತೀಯ ಸಮುದಾಯದ ಪರಿಹಾರ ನಿಧಿಯ ಸ್ವಯಂಸೇವಕರು ಬೇಸಿಗೆಯಲ್ಲಿ ಕೆಲಸದ ಜಾಗಗಳಿಗೇ ಬಂದು ನೀರು, ಹಣ್ಣು ಹಂಚುತ್ತಾರೆ. ಇಷ್ಟೆಲ್ಲ ಇದ್ದರೂ, ನಿಮ್ಮ ಕೆಲಸದ ನಡುವೆ ಶೌಚಾಲಯ ಎಷ್ಟು ದೂರವಿದೆ ಎಂದು ರೋಗಿಯನ್ನು ಕೇಳಿದ ವೈದ್ಯರನ್ನು ನಾನು ಬಹಳ ಕಾಲ ಕಂಡಿರಲಿಲ್ಲ.

ಮುಂದಿನ ಶುಕ್ರವಾರ ಕ್ರೇನಣ್ಣನನ್ನು ಡಬ್ಬಿ ಸಮೇತ ಮನಾಮದಲ್ಲಿ ನನಗೆ ಪರಿಚಯವಿದ್ದ ಒಬ್ಬ ಹಿರಿಯ ವೈದ್ಯರ ಹತ್ತಿರ ಕರೆದೊಯ್ದೆ. ಅವರು ಬರಲೊಪ್ಪಿದ್ದು ಸುಲಭದಲ್ಲಿ ಅಲ್ಲ. ಕ್ರೇನ್ ನಡೆಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯಿದೆ. ಡಾಕ್ಟರ ದಾಖಲೆಯಲ್ಲಿ ಬಿಪಿ ಎಂದು ದಪ್ಪಕ್ಷರದಲ್ಲಿ ಬಂದರೆ ಎಲ್ಲಿ ಕ್ರೇನ್ ಕೈತಪ್ಪೀತೋ, ಮಗಳ ಇಂಜಿನಿಯರಿಂಗ್ ಇನ್ನೂ ಎರಡು ವರ್ಷವಿದೆ ಎಂಬುದು ಅವರ ಚಿಂತೆ. ಮಾತ್ರೆಗಳನ್ನು ಕೋಣೆಯವರ ಕಣ್ಣಿಗೆ ಬೀಳದಂತೆ ಡಬ್ಬಿಯಲ್ಲಿ ಮುಚ್ಚಿಟ್ಟದ್ದಕ್ಕೂ ಇದೇ ಕಾರಣ. ಹನ್ನೊಂದು ಮಾತ್ರೆ ನುಂಗುವವನನ್ನು ಎಂಟು ಜನರ ಕೋಣೆಯಲ್ಲಿ ಯಾರೂ ಗಟ್ಟಿಮುಟ್ಟಾದ ಆಳೆಂದು ತಿಳಿಯುವುದಿಲ್ಲ. ಒಂದೇ ಮಾತ್ರೆಯಾದರೆ ಬಚ್ಚಲಿಗೆ ಹೋದಾಗ ಯಾರಿಗೂ ಕಾಣದಂತೆ ನುಂಗಬಹುದು. ಇದು ಯಾವ ಅಧ್ಯಯನದಲ್ಲೂ ನಾನು ಕಾಣದ ಲೆಕ್ಕ, ಆದರೆ ಶಿಬಿರಗಳಲ್ಲಿ ದಿನವೂ ನಡೆಯುವ ಲೆಕ್ಕ.

ವೈದ್ಯರು ಡಬ್ಬಿಯನ್ನು ಮೇಜಿನ ಮೇಲೆ ಸುರಿಯಲು ಹೇಳಿದರು. ಬೈಯಲಿಲ್ಲ. "ಯಾವುದನ್ನು ತಿನ್ನುತ್ತೀರಿ?" ಎಂದು ಕೇಳುವ ಬದಲು "ಕಳೆದ ವಾರ ಯಾವ ಯಾವುದನ್ನು ತಿನ್ನಲಾಗಲಿಲ್ಲ?" ಎಂದು ಕೇಳಿದರು. ಈ ಒಂದು ಪ್ರಶ್ನೆಗೆ ಕ್ರೇನಣ್ಣನ ನಾಲಿಗೆ ಸಡಿಲವಾಯಿತು. ಆಮೇಲೆ ವೈದ್ಯರು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸಿದರು. ಒಂದು ಊರಿನದ್ದು, ಇನ್ನೊಂದು ಇಲ್ಲಿನದ್ದು; ಮುಂಬದಿಯ ಹೆಸರು, ಬಣ್ಣ, ಗಾತ್ರ ಎಲ್ಲ ಬೇರೆ. ಒಳಗಿದ್ದದ್ದು ಎರಡರಲ್ಲೂ ಆಮ್ಲೊಡಿಪಿನ್. ಯಾವುದೋ ಒಂದು ತಿಂಗಳು ಶ್ರದ್ಧೆ ಬಂದು ಎರಡನ್ನೂ ತಿಂದಿದ್ದರಂತೆ. ಆಗ ಪಾದದ ಗಂಟು ಊದಿಕೊಂಡು, ಮೂತ್ರಪಿಂಡವೇ ಹೋಯಿತೆಂದು ಹೆದರಿ ಎಲ್ಲವನ್ನೂ ಬಿಟ್ಟಿದ್ದರು. ಪಾದ ಊದುವುದು ಆಮ್ಲೊಡಿಪಿನ್‌ನ ಪ್ರಮಾಣ ಹೆಚ್ಚಾದಾಗ ಕಾಣುವ ಸಾಮಾನ್ಯ ಪರಿಣಾಮ. ಎರಡು ದೇಶಗಳ ನಡುವೆ ಬದುಕುವವನ ಚೀಟಿಯನ್ನು ಇಬ್ಬರು ವೈದ್ಯರು ಒಟ್ಟಿಗೆ ನೋಡುವುದೇ ಇಲ್ಲ. ಅದು ಅವರ ತಪ್ಪೆನ್ನಲಾರೆ. ಡಬ್ಬಿಯನ್ನು ಹೊತ್ತೊಯ್ಯಬೇಕಾದವರು ನಾವು.

ಅರ್ಧ ಗಂಟೆಯ ನಂತರ ಮೇಜಿನ ಮೇಲೆ ಉಳಿದದ್ದು ಮೂರು. ಒತ್ತಡಕ್ಕೆ ಎರಡು ಔಷಧಿಗಳು ಸೇರಿದ ಒಂದೇ ಮಾತ್ರೆ, ಸಕ್ಕರೆಗೆ ದಿನಕ್ಕೊಮ್ಮೆಯ ದೀರ್ಘ ಪರಿಣಾಮದ್ದು ಒಂದು, ಕೊಬ್ಬಿಗೆ ಒಂದು. ಹೊಟ್ಟೆಯುರಿಯದ್ದೂ ಶಕ್ತಿಯದ್ದೂ ಹೋದವು. ರಕ್ತ ತೆಳುವಾಗಿಸುವ ಮಾತ್ರೆ, ಹೃದಯದ ಕಾಯಿಲೆಯೇ ಇಲ್ಲದ ಅವರಿಗೆ ಸದ್ಯ ಬೇಡವೆಂದರು. ನೀರಿನ ಮಾತ್ರೆಯನ್ನು ಬೇಸಿಗೆ ಕಳೆದ ಮೇಲೆ ಬೇಕಾದರೆ ನೋಡೋಣ ಎಂದರು. ಇದನ್ನು ಓದುವವರು ತಮ್ಮ ಡಬ್ಬಿಯನ್ನು ತಾವೇ ಜರಡಿ ಹಿಡಿಯಬಾರದು. ಒತ್ತಡದ ಕೆಲವು ಮಾತ್ರೆಗಳನ್ನು, ಮುಖ್ಯವಾಗಿ ಎದೆಬಡಿತ ತಗ್ಗಿಸುವ ಬಗೆಯವನ್ನು, ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯವಾಗಬಹುದು. ಹೃದಯಾಘಾತವಾದವರಿಗೆ ರಕ್ತ ತೆಳುವಾಗಿಸುವ ಮಾತ್ರೆಯ ಲೆಕ್ಕವೇ ಬೇರೆ.

ಒಂದೇ ಮಾತ್ರೆಯೊಳಗೆ ಎರಡು ಮೂರು ಔಷಧಿಗಳನ್ನು ಸೇರಿಸುವುದು ರೋಗಿಯ ಸೋಮಾರಿತನಕ್ಕೆ ಮಾಡಿಕೊಟ್ಟ ಸೌಲಭ್ಯವೆಂದು ನಾನೂ ತಿಳಿದಿದ್ದೆ. ಹಾಗಲ್ಲ. ಬೇರೆ ಬೇರೆ ಬಗೆಯ ಎರಡು ಔಷಧಿಗಳು ದೇಹದಲ್ಲಿ ಬೇರೆ ಬೇರೆ ದಾರಿಯಿಂದ ಒತ್ತಡ ಇಳಿಸುತ್ತವೆ. ಒಂದರ ಪ್ರಮಾಣವನ್ನು ದುಪ್ಪಟ್ಟು ಮಾಡುವುದಕ್ಕಿಂತ ಇನ್ನೊಂದು ಬಗೆಯದನ್ನು ಸೇರಿಸಿದರೆ ಸಿಗುವ ಹೆಚ್ಚುವರಿ ಇಳಿಕೆ ಸುಮಾರು ಐದು ಪಟ್ಟು ಎಂದು 42 ಪ್ರಯೋಗಗಳ ಸುಮಾರು 11,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2009ರಲ್ಲಿ ತೋರಿಸಲಾಯಿತು. ಪ್ರಮಾಣ ಚಿಕ್ಕದಿದ್ದರೆ ಅಡ್ಡಪರಿಣಾಮವೂ ಚಿಕ್ಕದು. ಔಷಧಿಗಳನ್ನು ಒಂದಾಗಿಸಿದಾಗ ತಪ್ಪಿಸುವ ಪ್ರಮಾಣ ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ ಎಂದು 2007ರ ಒಂದು ವಿಶ್ಲೇಷಣೆ ಹೇಳಿತು. ಅದರ ಮೊದಲ ಲೇಖಕರ ಉಪನಾಮವೇ ಬೆಂಗಳೂರು, ಶ್ರೀಪಾಲ್ ಬೆಂಗಳೂರು. ಯುರೋಪಿನ ತಜ್ಞರ 2018ರ ಮಾರ್ಗಸೂಚಿಯಂತೂ ಬಹುತೇಕ ರೋಗಿಗಳಿಗೆ ಮೊದಲ ದಿನದಿಂದಲೇ ಎರಡು ಔಷಧಿಗಳ ಒಂದೇ ಮಾತ್ರೆ ಕೊಡಿ ಎಂದಿತು.

ಇದರಲ್ಲಿ ನಮ್ಮ ಕಡೆಯ ಪಾಲೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಪ್ರೇಮ್ ಪೈಸ್ ಮತ್ತು ಡಾ. ಡೆನಿಸ್ ಕ್ಸೇವಿಯರ್, ಅದೇ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರೊಡನೆ ಸೇರಿ, ಐದು ಔಷಧಿಗಳನ್ನು ಅಡಕ ಮಾಡಿದ ಒಂದೇ ಗುಳಿಗೆಯನ್ನು ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಪ್ರಯೋಗಿಸಿದರು. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂದಾಗ ಜಗತ್ತೇ ತಿರುಗಿ ನೋಡಿತು. ಅನಂತರ 2018ರಲ್ಲಿ ನೆರೆಯ ಶ್ರೀಲಂಕಾದ ಪ್ರಯೋಗವೊಂದು ಪ್ರಕಟವಾಯಿತು: 700 ರೋಗಿಗಳು, ಕಡಿಮೆ ಪ್ರಮಾಣದ ಮೂರು ಔಷಧಿಗಳ ಒಂದೇ ಮಾತ್ರೆ. ಆರು ತಿಂಗಳಲ್ಲಿ ಆ ಮಾತ್ರೆಯವರಲ್ಲಿ ಶೇ 70ರಷ್ಟು ಜನ ಗುರಿ ತಲುಪಿದರೆ, ಎಂದಿನ ಚಿಕಿತ್ಸೆಯವರಲ್ಲಿ ಶೇ 55. ಇರಾನಿನ ಹಳ್ಳಿಗಳಲ್ಲಿ 6,838 ಜನರ ಮೇಲೆ ನಡೆದು 2019ರಲ್ಲಿ ಹೊರಬಂದ ಅಧ್ಯಯನ ಇನ್ನೂ ಮುಂದೆ ಹೋಗಿ, ಒಂದೇ ಗುಳಿಗೆಯಿಂದ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳೇ ಸುಮಾರು ಮೂರನೆಯ ಒಂದರಷ್ಟು ತಗ್ಗಿದ್ದನ್ನು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ ರಕ್ತದೊತ್ತಡದ ಸಂಯುಕ್ತ ಮಾತ್ರೆಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದೂ ಅದೇ 2019ರಲ್ಲಿ.

ಸೇರಿಸಿದ್ದೆಲ್ಲ ಒಳ್ಳೆಯದು ಎಂದೇನೂ ಅಲ್ಲ. ತಲೆಬುಡವಿಲ್ಲದ ಮಿಶ್ರಣಗಳೆಂದು ಭಾರತ ಸರಕಾರ 2016ರಲ್ಲಿ ಒಂದೇ ಸಲಕ್ಕೆ 344 ಸಂಯುಕ್ತ ಔಷಧಿಗಳನ್ನು ನಿಷೇಧಿಸಿದ್ದನ್ನು ಓದುಗರು ಮರೆತಿರಲಾರರು. ಒಳ್ಳೆಯ ಸಂಯುಕ್ತದಲ್ಲೂ ತೊಡಕುಂಟು: ಒಳಗಿರುವ ಒಂದು ಔಷಧಿಯಿಂದ ಕೆಮ್ಮು ಬಂದರೆ ಇಡೀ ಮಾತ್ರೆಯನ್ನೇ ಬದಲಿಸಬೇಕು. ಇಲ್ಲಿ ಬೆಲೆಯ ಪ್ರಶ್ನೆಯೂ ಇದೆ. ಅದೇ ಎರಡು ಔಷಧಿಗಳನ್ನು ಬಿಡಿಯಾಗಿ ಕೊಳ್ಳುವುದಕ್ಕಿಂತ ಒಂದಾಗಿ ಕೊಳ್ಳುವುದು ದುಬಾರಿಯಾದೀತು. ಊರಿನ ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದರ ಬೆಲೆಯನ್ನು ಇಲ್ಲಿ ದಿನಾರಿನಲ್ಲಿ ಕೇಳಿದ ಕ್ರೇನಣ್ಣ ಒಂದು ಕ್ಷಣ ಮಾತಾಡಲಿಲ್ಲ. ಮೊದಲ ತಿಂಗಳಿನದನ್ನು ಇಲ್ಲೇ ಕೊಂಡು, ಉಳಿದದ್ದನ್ನು ಊರಿನಿಂದ ಬರುವವರ ಕೈಯಲ್ಲಿ, ವೈದ್ಯರ ಚೀಟಿಯೊಡನೆ ತರಿಸಿಕೊಂಡೆವು. ಔಷಧಿಯ ಅದೇ ಹೆಸರು, ಅದೇ ಪ್ರಮಾಣ ಎಂದು ನಾನೇ ಎರಡು ಸಲ ನೋಡಿದೆ.

ಒಂದು ಪ್ರಶ್ನೆ ಉಳಿದಿತ್ತು. ಚೀಟಿಯಲ್ಲಿ ಬೆಳಗ್ಗೆ ಎಂದು ಬರೆದಿದೆ. ರಾತ್ರಿ ಪಾಳಿಯವನಿಗೆ ಬೆಳಗ್ಗೆ ಎಂದರೆ ಯಾವಾಗ? ಕೆಲಸ ಮುಗಿಸಿ ಬಂದು ಮಲಗುವ ಏಳು ಗಂಟೆಯೋ, ಎದ್ದು ಚಹಾ ಕುಡಿಯುವ ಮಧ್ಯಾಹ್ನ ಮೂರೋ? ಪಾಳಿ ಬದಲಾದಾಗಲೆಲ್ಲ ಮಾತ್ರೆ ತಪ್ಪಿಹೋಗುತ್ತಿದ್ದುದು ಇಲ್ಲೇ. ವೈದ್ಯರು ನಕ್ಕು, ಬೆಳಗ್ಗೆಯೇ ತಿನ್ನಬೇಕೆಂಬ ಕಟ್ಟಳೆಯಿಲ್ಲ ಎಂದರು. ಬ್ರಿಟನ್ನಿನಲ್ಲಿ 21,104 ಜನರನ್ನು ಐದು ವರ್ಷಕ್ಕೂ ಮಿಕ್ಕಿ ಗಮನಿಸಿ 2022ರಲ್ಲಿ ಹೊರಬಂದ ಅಧ್ಯಯನದಲ್ಲಿ, ಬೆಳಗ್ಗೆ ತಿಂದವರಿಗೂ ಸಂಜೆ ತಿಂದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿನಕ್ಕೊಮ್ಮೆ, ಮರೆಯದ ಹೊತ್ತಿನಲ್ಲಿ, ಅಷ್ಟೆ. ಕ್ರೇನಣ್ಣ ಯೋಚಿಸಿ ಸಂಜೆ ಐದು ಎಂದರು. ಯಾವ ಪಾಳಿಯಿದ್ದರೂ ಹೆಂಡತಿಗೆ ಫೋನ್ ಮಾಡುವ ಹೊತ್ತದು. ನಮ್ಮ ಭಟ್ಕಳದ ಸ್ಟೋರ್‌ಕೀಪರ್ ಸಾಹೇಬರು ರಂಜಾನ್ ತಿಂಗಳಲ್ಲಿ ಇದೇ ಸಲಹೆ ಪಡೆದು, ಇಫ್ತಾರ್ ಖರ್ಜೂರದೊಡನೆ ಒಂದು ಮಾತ್ರೆ ಎಂದು ನಿಗದಿ ಮಾಡಿಕೊಂಡಿದ್ದರು. ಮೂರು ಹೊತ್ತಿನ ಮಾತ್ರೆಗಳಿದ್ದಾಗ ಉಪವಾಸದ ತಿಂಗಳೆಲ್ಲ ಅವರ ಮಾತ್ರೆಗಳಿಗೂ ಉಪವಾಸವೇ ಆಗಿತ್ತು.

ಕ್ರೇನಣ್ಣನನ್ನು ಎರಡು ವಾರ ನೆಲದ ಕೆಲಸಕ್ಕೆ ಹಾಕಿದೆವು. ಆ ದಿನಗಳಲ್ಲಿ ಅವರು ನನ್ನನ್ನು ನೋಡಿದರೆ ಹಾರ್ಡ್‌ಹ್ಯಾಟ್ ಕೆಳಗೆಳೆದುಕೊಂಡು ಆಚೆ ನಡೆಯುತ್ತಿದ್ದರು. ಕಡಿತವಾದ ಸಂಬಳವನ್ನು ಎಣಿಸುತ್ತಿದ್ದರು ಎಂದು ಬಲ್ಲೆ. ಮೂರನೆಯ ವಾರ 164/98. ನಾನು ಸಹಿ ಹಾಕಬಹುದಾದ ಗಡಿಯದು, ಹಾಕಿದೆ. ಆದರೂ ಅಂದು ಸಂಜೆಯವರೆಗೆ ನನ್ನ ಕಣ್ಣು ಕ್ರೇನಿನ ಕಡೆಗೇ ಇತ್ತು. ಅದೇ ತಿಂಗಳಲ್ಲಿ ಪಕ್ಕದ ಯಾರ್ಡಿನ ಒಬ್ಬ ವೆಲ್ಡರ್, ತಮಿಳುನಾಡಿನವರು, ವಯಸ್ಸು ನಲವತ್ತನಾಲ್ಕು, ರಾತ್ರಿ ಮಲಗಿದವರು ಬೆಳಗ್ಗೆ ಬಲಗೈ ಎತ್ತಲಾಗದೆ ಎದ್ದರು. ಮಾತು ತೊದಲಾಗಿತ್ತು. ಆಂಬುಲೆನ್ಸ್ ಬಂದು ಸಲ್ಮಾನಿಯಾ ಆಸ್ಪತ್ರೆಗೆ ಒಯ್ದಿತು. ಊರಿಗೆ ಕಳಿಸಲೆಂದು ಅವರ ಸಾಮಾನು ಕಟ್ಟಿದ ಕೋಣೆಯವರು ಪೆಟ್ಟಿಗೆಯ ತಳದಲ್ಲಿ ಒಡೆಯದ ಮಾತ್ರೆಗಳ ಪಟ್ಟಿಗಳನ್ನು ಕಂಡರು. ಆ ಸುದ್ದಿಯನ್ನು ನನಗೆ ತಂದವರು ಕ್ರೇನಣ್ಣನೇ. ಹೇಳಿ ಮುಗಿಸಿ ಬಹಳ ಹೊತ್ತು ಕೋಣೆಯ ಬಾಗಿಲಲ್ಲೇ ನಿಂತಿದ್ದರು.

ಅಕ್ಟೋಬರ್ ಹೊತ್ತಿಗೆ ಅಸ್ಕರ್‌ನ ಗಾಳಿ ತಿರುಗುತ್ತದೆ. ಬೆಳಗ್ಗೆ ಬಸ್ಸಿನಿಂದ ಇಳಿಯುವವರ ಮುಖದಲ್ಲಿ ಬೆವರಿರುವುದಿಲ್ಲ. ಅಂಥ ಒಂದು ಬೆಳಗ್ಗೆ ಕ್ರೇನಣ್ಣ ತಾವಾಗಿಯೇ ಬಂದು ಕುರ್ಚಿಯಲ್ಲಿ ಕುಳಿತು ತೋಳು ಚಾಚಿದರು. 136/86. ಇನ್ನೊಂದು ತೋಳಿನಲ್ಲಿ 134/84. ಡಬ್ಬಿ ಏನಾಯಿತು ಎಂದು ಕೇಳಿದೆ. ಹೆಂಡತಿ ಊರಿನಿಂದ ಕಳಿಸಿದ ಚಕ್ಕುಲಿ ಅದರಲ್ಲಿದೆಯಂತೆ. ಕೋಣೆಯವರಿಗೆ ಈಗ ಅದನ್ನು ಮುಚ್ಚಿಡಬೇಕಾಗಿದೆಯಂತೆ. ಮೂರು ಮಾತ್ರೆಗಳು ಮಾತ್ರ ಅಂಗಿಯ ಜೇಬಿನಲ್ಲಿ, ಫೋನಿನ ಜೊತೆಗೆ.

ಸಹಿ ಹಾಕಿ ಪುಸ್ತಕ ಮುಚ್ಚಿದೆ. ಅವರು ಏಳಲಿಲ್ಲ. ತೋಳಿನ ಪಟ್ಟಿಯನ್ನು ಬಿಚ್ಚಿ ನನ್ನ ಕಡೆಗೆ ಹಿಡಿದು, "ನಿಮ್ದ್ ಎಷ್ಟ್ ಇತ್ತ್, ಕಾಂಬ" ಎಂದರು. ಹೊರಗೆ ಸಾಲು ಕಾದಿತ್ತು. ಕುರ್ಚಿ ಬದಲಿಸಿ ಕುಳಿತೆ. ಐದು ನಿಮಿಷ ಸುಮ್ಮನಿರಬೇಕು, ಮಾತಾಡಬಾರದು ಎಂದು ನನಗೇ ಗದರಿಸಿದರು. ಅಂದು ನನ್ನದು 146/92 ಇತ್ತು. ಹಿಂದಿನ ರಾತ್ರಿಯ ಮಾತ್ರೆ ತಪ್ಪಿಹೋಗಿತ್ತು. ಈ ಸಲ ಕೇಳುವ ಮೊದಲೇ ಹೇಳಿದೆ.